ಚಾರಣದ ಸಾಮಾನು ಮನೆಯಲ್ಲೇ ಹೊಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮನ ಕಾಲು ತುಳಿಯುವ ಮಷೀನಿನಲ್ಲಿ ನಾನು ಮೊದಲು ಹೊಲಿದದ್ದು ಹಳೇ ಕೊಡೆ ಬಟ್ಟೆಯ ಒಂದು ಪುಟ್ಟ ಚೀಲ. ಈಗ ನನ್ನ ಬೆನ್ನಚೀಲ, ಮಳೆಗೆ ತಲೆಯಿಂದ ಇಳಿಬಿಡುವ ಪಾಂಚೋ, ರಾತ್ರಿಯ ಹೊದಿಕೆ, ಇಂಬಳ (ಜಿಗಣೆ) ಹತ್ತದಂತೆ ಹಾಕುವ ಕಾಲುಚೀಲ ಎಲ್ಲವೂ ಮನೆಯಲ್ಲೇ ಆದವು. ಘಟ್ಟದ ದಾರಿಯಲ್ಲಿ ಸಿಕ್ಕವರು ಇವನ್ನು ಮುಟ್ಟಿ ನೋಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಹತ್ತುವ ದಾರಿಯಲ್ಲಿ ನಿಂತು ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ನನಗೆ ಗುಂಡಿ ಹಾಕೋದು ಬಿಟ್ಟರೆ ಹೊಲಿಗೆ ಗೊತ್ತಿಲ್ಲ. ನನ್ನಿಂದ ಆಗುತ್ತಾ?

ಆಗುತ್ತದೆ. ಚಾರಣದ ಸಾಮಾನಿಗೆ ಬೇಕಾಗುವುದು ಬಹುಪಾಲು ನೇರ ಹೊಲಿಗೆ. ರವಿಕೆ ಹೊಲಿಯುವುದು ಇದಕ್ಕಿಂತ ಎಷ್ಟೋ ಕಷ್ಟ. ಅಲ್ಲಿ ಕಂಕುಳು, ಕತ್ತು, ತೋಳು ಎಲ್ಲ ಮೈಗೆ ಸರಿಯಾಗಿ ಕೂರಬೇಕು. ಚೀಲ ಅರ್ಧ ಇಂಚು ಆಚೀಚೆ ಆದರೂ ಚೀಲವೇ. ಹಳೇ ಬೆಡ್‌ಶೀಟ್ ಮೇಲೆ ಸ್ಕೇಲಿನಿಂದ ಗೆರೆ ಎಳೆದು, ಆ ಗೆರೆಯ ಮೇಲೇ ಮಷೀನು ಓಡಿಸಿ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ಮಾಡಿದರೆ ಕೈ ಮತ್ತು ಕಾಲು ಎರಡೂ ಹಿಡಿತಕ್ಕೆ ಬರುತ್ತವೆ.

ಅಂಗಡಿಯಲ್ಲಿ ಎಲ್ಲಾ ಸಿಗುತ್ತೆ. ಮತ್ಯಾಕೆ ಹೊಲಿಯಬೇಕು?

ಮೊದಲ ಕಾರಣ ತೂಕ. ಅಂಗಡಿಯ ಚೀಲವನ್ನು ಎಲ್ಲರಿಗೂ ಆಗಲಿ ಅಂತ ಮಾಡಿರುತ್ತಾರೆ. ಹತ್ತು ಜಿಪ್ಪು, ಒಳಗೆ ಲೋಹದ ಪಟ್ಟಿ, ಬಳಸದ ಲೂಪುಗಳು. 50 ಲೀಟರಿನ ಚೀಲ ಖಾಲಿ ಇದ್ದಾಗಲೇ ಒಂದೂವರೆ, ಎರಡು ಕೆಜಿ ತೂಗುವುದುಂಟು. ನಿಮಗೆ ಬೇಕಾದಷ್ಟನ್ನೇ ಇಟ್ಟು ಹೊಲಿದರೆ 500–600 ಗ್ರಾಂನಲ್ಲಿ ಮುಗಿಯುತ್ತದೆ. ಊಟ, ನೀರು ಬಿಟ್ಟು ಉಳಿದ ಎಲ್ಲಾ ಸಾಮಾನು ಸೇರಿ ಸುಮಾರು 9 ಕೆಜಿ ಒಳಗಿದ್ದರೆ ಅದನ್ನು ಹಗುರ ಚಾರಣ ಅನ್ನುತ್ತಾರೆ. ನಾಲ್ಕೂವರೆ ಕೆಜಿ ಒಳಗಿದ್ದರೆ ಅತಿ ಹಗುರ.

ಎರಡನೆಯದು ನನಗೆ ತೂಕಕ್ಕಿಂತ ದೊಡ್ಡದು. ನೀವೇ ಹೊಲಿದದ್ದು ಹರಿದರೆ ಎಲ್ಲಿ, ಯಾಕೆ ಹರಿಯಿತು ಅಂತ ನಿಮಗೆ ಗೊತ್ತಿರುತ್ತದೆ. ಕಾಡಿನ ನಡುವೆ ಅದನ್ನು ಸರಿ ಮಾಡುವ ಧೈರ್ಯವೂ ಇರುತ್ತದೆ.

ಅಮೆರಿಕದ ಒಹಾಯೋದ ಎಮ್ಮಾ ಗೇಟ್‌ವುಡ್ ಅವರನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಪಲೇಚಿಯನ್ ಟ್ರೇಲ್ ಎಂಬ ಸುಮಾರು 3,300 ಕಿಲೋಮೀಟರ್ ದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಹೆಗಲ ಮೇಲೆ ಇದ್ದದ್ದು ಡೆನಿಮ್ ಬಟ್ಟೆಯಲ್ಲಿ ಅವರೇ ಹೊಲಿದ ಚೀಲ. ಕಾಲಿಗೆ ಕ್ಯಾನ್ವಾಸ್ ಶೂ. ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ.

ದುಡ್ಡು ಉಳಿಯುತ್ತಾ?

ಸಣ್ಣ ಸಾಮಾನಿನಲ್ಲಿ ಖಂಡಿತ ಉಳಿಯುತ್ತದೆ. ಸಾಮಾನು ತುಂಬುವ ಚೀಲ, ಕಾಲುಚೀಲ, ಟಾರ್ಪ್ (ಮಳೆಗೆ ಸೂರಿನ ಹಾಗೆ ಮೇಲೆ ಕಟ್ಟುವ ಬಟ್ಟೆ) ಇವುಗಳಿಗೆ ಬಟ್ಟೆಯ ದುಡ್ಡಷ್ಟೇ ಖರ್ಚು. ಮೊದಲ ಬೆನ್ನಚೀಲದಲ್ಲಿ ಉಳಿಯುವುದಿಲ್ಲ. ಅಳತೆ ತಪ್ಪುತ್ತದೆ, ಬಟ್ಟೆ ಹಾಳಾಗುತ್ತದೆ, ಕ್ಲಿಪ್ಪುಗಳನ್ನು ಎರಡು ಸಲ ತರಬೇಕಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಬೇಜಾರಾಗುವುದಿಲ್ಲ.

ಮೊದಲು ಏನು ಹೊಲಿಯಲಿ?

ಹೊಸಬರು ನೇರವಾಗಿ ಬೆನ್ನಚೀಲಕ್ಕೆ ಕೈ ಹಾಕುತ್ತಾರೆ. ದಯವಿಟ್ಟು ಬೇಡ. ಮೊದಲು ಸಾಮಾನು ತುಂಬುವ ಸಣ್ಣ ಚೀಲ ಮೂರೋ ನಾಲ್ಕೋ ಹೊಲಿಯಿರಿ. ಆಮೇಲೆ ಇಂಬಳದ ಕಾಲುಚೀಲ. ಆಮೇಲೆ ಪಾಂಚೋ ಅಥವಾ ಟಾರ್ಪ್, ನಂತರ ಹೊದಿಕೆ. ಬೆನ್ನಚೀಲ ಕೊನೆಗೆ. ಹೀಗೆ ಹೋದರೆ ಒಂದೊಂದರಲ್ಲೂ ಹೊಸದು ಒಂದನ್ನೇ ಕಲಿಯುತ್ತೀರಿ. ಇನ್ನೊಂದು ಲಾಭವೂ ಇದೆ. ಉಳಿದ ಸಾಮಾನು ಹಗುರ, ಚಿಕ್ಕದು ಆದ ಮೇಲೆ ಎಷ್ಟು ದೊಡ್ಡ ಬೆನ್ನಚೀಲ ಬೇಕು ಅನ್ನುವುದೂ ತಿಳಿಯುತ್ತದೆ. ಮೊದಲೇ 60 ಲೀಟರಿನ ಚೀಲ ಹೊಲಿದುಕೊಂಡರೆ ಅದನ್ನು ತುಂಬಿಸಲು ಸಾಮಾನು ಹುಡುಕುವ ಹಾಗಾಗುತ್ತದೆ.

ಯಾವ ಮಷೀನು ಬೇಕು?

ಮನೆಯಲ್ಲಿ ಇರುವುದೇ ಸಾಕು. ಉಷಾ, ಸಿಂಗರ್, ಮೆರಿಟ್ ಯಾವುದಾದರೂ ಸರಿ. ಹಳೇ ಕಪ್ಪು ಮಷೀನು ಬರೀ ನೇರ ಹೊಲಿಗೆ ಹಾಕಿದರೂ ನಾಲ್ಕು ಪದರ ಪಟ್ಟಿಯನ್ನು ಸಲೀಸಾಗಿ ತೂರುತ್ತದೆ. ಕಾಲು ತುಳಿಯುವ ಮಷೀನಿನಲ್ಲಿ ವೇಗ ನಿಮ್ಮ ಕೈಯಲ್ಲೇ ಇರುತ್ತದೆ. ಕಲಿಯುವವರಿಗೆ ಅದು ಒಳ್ಳೆಯದು. ದಪ್ಪ ಇರುವ ಕಡೆ ಮೋಟಾರು ಓಡಿಸಬೇಡಿ, ಕೈಯಲ್ಲಿ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿ. ಹೊಸದು ಕೊಳ್ಳುವ ಮೊದಲು ಅತ್ತೆ, ದೊಡ್ಡಮ್ಮ, ಪಕ್ಕದ ಮನೆಯವರನ್ನು ಒಮ್ಮೆ ಕೇಳಿ. ಎಷ್ಟೋ ಮನೆಗಳಲ್ಲಿ ಮಷೀನು ಬಟ್ಟೆ ಹೊದ್ದುಕೊಂಡು ಸುಮ್ನೆ ಕೂತಿರುತ್ತದೆ. ಎಣ್ಣೆ ಬಿಟ್ಟು ಬೆಲ್ಟು ಬದಲಿಸಿದರೆ ಮತ್ತೆ ಓಡುತ್ತದೆ.

ಸೂಜಿ, ದಾರ ಯಾವುದು?

ದಾರ ಪೂರ್ತಿ ಪಾಲಿಯೆಸ್ಟರ್ ಇರಲಿ. ಹತ್ತಿ ದಾರ ನೆನೆದು ನೆನೆದು ಕೊಳೆಯುತ್ತದೆ. ರೀಲಿನ ಮೇಲಿನ ಟಿಕೆಟ್ ನಂಬರ್ ಹೆಚ್ಚಾದಷ್ಟೂ ದಾರ ತೆಳು. ಟೈಲರ್‌ಗಳು ದಿನಾ ಬಳಸುವ 120 ನಂಬರ್ ತೆಳು ಬಟ್ಟೆಗೆ ಸರಿ. ಬೆನ್ನಚೀಲಕ್ಕೆ 80 ಅಥವಾ 60 ಕೇಳಿ.

ಸೂಜಿಯಲ್ಲಿ ಇದು ತಿರುಗುಮುರುಗು. ನಂಬರ್ ಹೆಚ್ಚಾದಷ್ಟೂ ದಪ್ಪ. ಪ್ಯಾರಾಚೂಟ್ ಬಟ್ಟೆ ಅನ್ನುವ ತೆಳು ನೈಲಾನಿಗೆ 11, ಚೀಲದ ಬಟ್ಟೆಗೆ 14, ಪಟ್ಟಿ ಸೇರಿ ಐದಾರು ಪದರ ಇದ್ದರೆ 16. ಮನೆ ಮಷೀನಿನ ಸೂಜಿಯ ತಲೆ ಒಂದು ಕಡೆ ಚಪ್ಪಟೆ ಇರುತ್ತದೆ, ಫ್ಯಾಕ್ಟರಿ ಮಷೀನಿನದು ಗುಂಡಗೆ. ಅಂಗಡಿಯಲ್ಲಿ ಹೇಳಿ ತನ್ನಿ. ಸೂಜಿ ಮೊಂಡಾದರೆ ಹೊಲಿಗೆ ತಪ್ಪುತ್ತದೆ, ಟಕ್ ಟಕ್ ಅಂತ ಸದ್ದು ಬರುತ್ತದೆ. ಆಗ ದಾರದ ಬಿಗಿ ಹೊಂದಿಸುವ ಟೆನ್ಶನ್ ತಿರುಪು ತಿರುಗಿಸಿ ತಲೆ ಕೆಡಿಸಿಕೊಳ್ಳುವ ಬದಲು ಮೊದಲು ಸೂಜಿ ಬದಲಿಸಿ. ಸೂಜಿಗೆ ಹೋಗುವ ದುಡ್ಡು ನಾಲ್ಕು ಕಾಸು, ಉಳಿಯುವುದು ಒಂದು ಸಂಜೆ.

ಡೀನಿಯರ್, ಜಿಎಸ್‌ಎಂ, ರಿಪ್‌ಸ್ಟಾಪ್ ಅಂದರೆ ಏನು?

9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಡೀನಿಯರ್. 20 ಡೀನಿಯರ್ ಅಂದರೆ ಕೊಡೆ ಬಟ್ಟೆಗಿಂತ ತೆಳು. 70 ಡೀನಿಯರ್ ಸಾಮಾನ್ಯ ಗಟ್ಟಿ, 210 ಬೆನ್ನಚೀಲಕ್ಕೆ ಸರಿ, 600 ಅಂದರೆ ಶಾಲೆಯ ಬ್ಯಾಗಿನ ದಪ್ಪ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ. ಹಗುರದ ಲೆಕ್ಕಕ್ಕೆ ಇದೇ ಮುಖ್ಯ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಒಂದು ಮೀಟರ್ ತಂದು ಅಡುಗೆಮನೆಯ ತಕ್ಕಡಿಯಲ್ಲಿಟ್ಟು, ಬಂದ ಗ್ರಾಂ ಅನ್ನು ಮೀಟರಿನಲ್ಲಿ ಅಳೆದ ಅಗಲದಿಂದ ಭಾಗಿಸಿ.

ಬಟ್ಟೆಯ ಮೇಲೆ ಸಣ್ಣ ಸಣ್ಣ ಚೌಕ ಕಂಡರೆ ಅದು ರಿಪ್‌ಸ್ಟಾಪ್. ಅಲ್ಲಲ್ಲಿ ದಪ್ಪ ನೂಲು ನೇಯ್ದಿರುವುದರಿಂದ ಹರಿದದ್ದು ಮುಂದಿನ ಚೌಕದಲ್ಲಿ ನಿಲ್ಲುತ್ತದೆ. ಎರಡನೇ ಮಹಾಯುದ್ಧದ ಪ್ಯಾರಾಚೂಟುಗಳಿಂದ ಬಂದ ನೇಯ್ಗೆ ಇದು. ನೈಲಾನ್ ಒದ್ದೆಯಾದರೆ ಸ್ವಲ್ಪ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ರಾತ್ರಿಯಿಡೀ ಬಿಗಿಯಾಗಿ ನಿಲ್ಲಬೇಕಾದ ಟಾರ್ಪಿಗೆ ಇದು ಗಮನಿಸಬೇಕಾದ ವಿಷಯ.

ಬಟ್ಟೆ ಎಲ್ಲಿ ಸಿಗುತ್ತೆ?

ಬೆಂಗಳೂರಾದರೆ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸುತ್ತಮುತ್ತ ಒಂದು ಬೆಳಗ್ಗೆ ತಿರುಗಿ. ಪ್ಯಾರಾಚೂಟ್ ಬಟ್ಟೆ ಅಂತ ಕೇಳಿದರೆ ತೆಳು ನೈಲಾನ್ ತೋರಿಸುತ್ತಾರೆ. ಬ್ಯಾಗು ಹೊಲಿಯುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಪಟ್ಟಿ, ಕ್ಲಿಪ್ಪು, ಜಿಪ್ಪು, ರನ್ನರ್ ಎಲ್ಲಾ ಸಿಗುತ್ತವೆ. ಪೀಣ್ಯ, ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ ಫ್ಯಾಕ್ಟರಿಗಳಿವೆ. ಅಲ್ಲಿಂದ ಉಳಿದ ಬಟ್ಟೆ ಮಾರುವವರ ಹತ್ತಿರ ಜಾಕೆಟ್ಟಿನ ಬಟ್ಟೆ ಸಿಕ್ಕರೆ ಅದೃಷ್ಟ.

ಬೇರೆ ಊರಿನವರು ಕೊಡೆ ರಿಪೇರಿಯವರನ್ನು ಮರೆಯಬೇಡಿ. ಕಡ್ಡಿ ಮುರಿದ ಕೊಡೆಯ ಬಟ್ಟೆ ಕಲಿಯಲು ತುಂಬಾ ಚೆನ್ನಾಗಿದೆ. ತೆಳು, ಜಾರುವಂಥದ್ದು, ನೀರು ನಿಲ್ಲಿಸುವಂಥದ್ದು, ಪುಕ್ಕಟೆ ಬೇರೆ.

ಎರಡೂ ಕಡೆ ಸಿಲಿಕೋನ್ ಇಳಿಸಿದ ಹಗುರ ನೈಲಾನ್ ಬೇಕಾದರೆ ಹೆಚ್ಚಾಗಿ ಹೊರದೇಶದಿಂದ ತರಿಸಬೇಕು. ಅಮೆರಿಕದಲ್ಲಿ ರಿಪ್‌ಸ್ಟಾಪ್ ಬೈ ದ ರೋಲ್, ಜರ್ಮನಿಯಲ್ಲಿ ಎಕ್ಸ್‌ಟ್ರೆಮ್‌ಟೆಕ್ಸ್ಟಿಲ್ ಮಾರುತ್ತವೆ. ಅಂಚೆ ವೆಚ್ಚ, ಸುಂಕ ಸೇರಿದರೆ ಕೈ ಸುಡುತ್ತದೆ. ಅಲ್ಲಿರುವ ನೆಂಟರು ಊರಿಗೆ ಬರುವಾಗ ನಾಲ್ಕು ಮೀಟರ್ ತರಲು ಹೇಳಿ, ಮಡಿಸಿದರೆ ಒಂದು ಅಂಗಿಯಷ್ಟು ಜಾಗವೂ ಬೇಡ. ಆದರೆ ಇದು ಕೈ ಪಳಗಿದ ಮೇಲಿನ ಮಾತು.

ತಂದ ಬಟ್ಟೆ ನೀರು ತಡೆಯುತ್ತಾ ಅಂತ ನೋಡುವುದು ಹೇಗೆ?

ಸ್ಟೀಲ್ ಲೋಟದ ಬಾಯಿಗೆ ಬಟ್ಟೆಯನ್ನು ಸ್ವಲ್ಪ ತಗ್ಗು ಬರುವಂತೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿ, ತಗ್ಗಿನಲ್ಲಿ ನೀರು ನಿಲ್ಲಿಸಿ ರಾತ್ರಿ ಬಿಡಿ. ಬೆಳಗ್ಗೆ ಲೋಟ ಒಣಗಿದ್ದರೆ ಮಳೆಗೆ ಆಗುತ್ತದೆ. ಆಮೇಲೆ ಆ ತಗ್ಗನ್ನು ಹೆಬ್ಬೆರಳಿನಿಂದ ಒತ್ತಿ. ಹನಿ ಇಳಿದರೆ ಆ ಬಟ್ಟೆ ತಲೆಯ ಮೇಲೆ ಸರಿ, ಕೂರಲು ಹಾಸುವುದಕ್ಕೆ ಅಲ್ಲ. ಯಾವ ಕಡೆ ಲೇಪ ಇದೆ, ಎಂಥ ಲೇಪ ಅಂತ ತಿಳಿಯಲು ಸೆಲ್ಲೋಟೇಪ್ ಅಂಟಿಸಿ ನೋಡಿ. ಸಿಲಿಕೋನ್ ಆದರೆ ಟೇಪು ಹಿಡಿಯುವುದೇ ಇಲ್ಲ.

ಮೊದಲ ಚೀಲದ ಅಳತೆ ಕೊಡ್ತೀರಾ?

50 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಒಂದು ತುಂಡು ಕತ್ತರಿಸಿ. ಹೊಲಿಗೆಯಾಚೆ ಬಿಡುವ ಮಾರ್ಜಿನ್ ಎಲ್ಲಾ ಕಡೆ 1 ಸೆಂಟಿಮೀಟರ್, ಅದು ಈ ಅಳತೆಯಲ್ಲೇ ಸೇರಿದೆ.

ಸೀದಾ ಮೈ ಒಳಗೆ ಬರುವಂತೆ ಅಗಲವನ್ನು ಅರ್ಧಕ್ಕೆ ಮಡಿಸಿ. ಈಗ 25 ಸೆಂಟಿಮೀಟರ್ ಅಗಲ ಆಯಿತು. ಪಕ್ಕದ ಅಂಚು ಹೊಲಿಯಿರಿ, ಆದರೆ ಮೇಲಿನ 5 ಸೆಂಟಿಮೀಟರ್ ಬಿಟ್ಟುಬಿಡಿ. ಲಾಡಿ ಅಲ್ಲಿಂದ ಹೊರಬರಬೇಕು. ಬಿಟ್ಟ ಭಾಗದ ಎರಡು ಅಂಚನ್ನೂ ಒಳಕ್ಕೆ ಮಡಿಸಿ ಒಂದು ಹೊಲಿಗೆ ಹಾಕಿ. ಆಮೇಲೆ ತಳ ಹೊಲಿಯಿರಿ.

ಈಗ ಚೀಲ ಚಪ್ಪಟೆ ಲಕೋಟೆಯ ಹಾಗಿದೆ. ತಳಕ್ಕೆ ಆಕಾರ ಕೊಡಬೇಕು. ಒಂದು ಮೂಲೆಯನ್ನು ಹಿಡಿದು, ತಳದ ಹೊಲಿಗೆ ಪಕ್ಕದ ಹೊಲಿಗೆಯ ಮೇಲೆ ಕೂರುವಂತೆ ತ್ರಿಕೋನ ಮಾಡಿ. ತುದಿಯಿಂದ 6 ಸೆಂಟಿಮೀಟರ್ ಒಳಗೆ ಅಡ್ಡಗೆರೆ ಎಳೆಯಿರಿ, ಗೆರೆ 12 ಸೆಂಟಿಮೀಟರ್ ಉದ್ದ ಬರಬೇಕು. ಅದರ ಮೇಲೆ ಎರಡು ಸಲ ಹೊಲಿಯಿರಿ. ಇನ್ನೊಂದು ಮೂಲೆಯಲ್ಲಿ ಹೊಲಿಗೆಯ ಬದಲು ಮಡಿಕೆ ಇರುತ್ತದೆ, ಅಲ್ಲೂ ಹಾಗೇ. ತಳ 12ಕ್ಕೆ 12ರ ಚೌಕ ಆಗುತ್ತದೆ.

ಬಾಯಿಯನ್ನು ಮೊದಲು 1 ಸೆಂಟಿಮೀಟರ್, ಆಮೇಲೆ ಎರಡೂವರೆ ಸೆಂಟಿಮೀಟರ್ ಮಡಿಸಿ ಸುತ್ತ ಹೊಲಿದರೆ ಲಂಗದ ಲಾಡಿ ತೂರಿಸುವ ಮಡಿಕೆಯೇ ಆಯಿತು. ಪಿನ್ನಿಗೆ ಹಗ್ಗ ಸಿಕ್ಕಿಸಿ ತೂರಿಸಿ. ಎತ್ತರ ಸುಮಾರು 29 ಸೆಂಟಿಮೀಟರ್ ಬರುತ್ತದೆ, ನಾಲ್ಕು ಲೀಟರ್ ಹಿಡಿಯುತ್ತದೆ. 45 ಜಿಎಸ್‌ಎಂ ಬಟ್ಟೆಯಾದರೆ ಹಗ್ಗ ಸೇರಿ 15 ಗ್ರಾಂ ಆಸುಪಾಸು. ಒಂದು ಜೊತೆ ಒಣ ಬಟ್ಟೆಗೆ ಸರಿಯಾದ ಅಳತೆ.

ಬಟ್ಟೆ ಜಾರುತ್ತೆ, ಹೊಲಿಗೆ ಸುಕ್ಕುತ್ತೆ. ಏನು ಮಾಡಲಿ?

ಎಲ್ಲರಿಗೂ ಆಗುವುದೇ. ಗುಂಡುಪಿನ್ ಚುಚ್ಚಿದರೆ ಈ ಬಟ್ಟೆಯಲ್ಲಿ ತೂತು ಹಾಗೇ ಉಳಿಯುತ್ತದೆ. ಅದಕ್ಕೇ ಕಾಗದ ಹಿಡಿಯುವ ಸಣ್ಣ ಕ್ಲಿಪ್ಪು ಬಳಸಿ, ಪಿನ್ ಬೇಕೇ ಬೇಕು ಅಂದರೆ ಮಾರ್ಜಿನ್ ಒಳಗೆ ಮಾತ್ರ. ತೀರಾ ಜಾರಿದರೆ ಬಟ್ಟೆಯ ಕೆಳಗೆ ಟಿಶ್ಯೂ ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ದಿನಪತ್ರಿಕೆ ಇಡಬೇಡಿ, ಮಸಿ ಅಂಟುತ್ತದೆ.

ಸುಕ್ಕು ಬಂದರೆ ಮೇಲಿನ ದಾರದ ಟೆನ್ಶನ್ ಸ್ವಲ್ಪ ಸಡಿಲಿಸಿ. ಶುರುವಿನಲ್ಲಿ ಎರಡೂ ದಾರದ ತುದಿಯನ್ನು ಹಿಂದಕ್ಕೆ ಹಿಡಿದುಕೊಂಡರೆ ಕೆಳಗೆ ದಾರದ ಗಂಟು ಕಟ್ಟುವುದಿಲ್ಲ. ಬಟ್ಟೆಯನ್ನು ಎಳೆಯಬೇಡಿ, ದಾರಿ ತೋರಿಸಿದರೆ ಸಾಕು. ಹೊಲಿಗೆಯ ಉದ್ದ ಎರಡೂವರೆಯಿಂದ 3 ಮಿಲಿಮೀಟರ್ ಇರಲಿ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಅನ್ನಿಸುತ್ತದೆ. ನಿಜಕ್ಕೂ ಆಗುವುದು ಸ್ಟ್ಯಾಂಪ್ ಹಾಳೆಯ ಥರ ತೂತಿನ ಸಾಲು, ಎಳೆದರೆ ಅಲ್ಲೇ ಹರಿಯುತ್ತದೆ.

ಇಂಬಳದ ಕಾಲುಚೀಲ ಹೊಲಿಯಬಹುದಾ?

ಮಳೆಗಾಲದಲ್ಲಿ ಕುದುರೆಮುಖ, ಕೊಡಚಾದ್ರಿ ಕಡೆ ಹೋಗುವವರು ಹೊಲಿಯಲೇಬೇಕಾದದ್ದು ಇದು. ಹೆಣೆದ ಕಾಲುಚೀಲದ ಸಂದಿಯಲ್ಲಿ ಇಂಬಳ ಬಾಯಿ ತೂರಿಸುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಅದರ ಆಟ ನಡೆಯುವುದಿಲ್ಲ. ಆದ್ದರಿಂದ ಮೊಣಕಾಲಿನ ಕೆಳಗಿನವರೆಗೆ ಬರುವ ಪಾಪ್ಲಿನ್ ಚೀಲ ಹೊಲಿದು, ಮಾಮೂಲಿ ಕಾಲುಚೀಲದ ಮೇಲೆ ಹಾಕಿ, ಅದರ ಮೇಲೆ ಶೂ ಹಾಕುವುದು. ತಿಳಿ ಬಣ್ಣದ ಬಟ್ಟೆ ಆರಿಸಿ, ಹತ್ತುವ ಇಂಬಳ ಕಣ್ಣಿಗೆ ಬೀಳುತ್ತದೆ.

ಕಾಲನ್ನು ಪಕ್ಕಕ್ಕೆ ಮಲಗಿಸಿ ದಿನಪತ್ರಿಕೆಯ ಮೇಲೆ ಪಾದ, ಹಿಮ್ಮಡಿ, ಮೀನಖಂಡದ ಗೆರೆ ಎಳೆಯಿರಿ. ಸುತ್ತ 3 ಸೆಂಟಿಮೀಟರ್ ಸಡಿಲ, ಅದರಾಚೆ ಒಂದೂವರೆ ಸೆಂಟಿಮೀಟರ್ ಮಾರ್ಜಿನ್. ಒಂದು ಕಾಲಿಗೆ ಎರಡು ತುಂಡು, ಒಟ್ಟು ನಾಲ್ಕು.

ಹೊಸಬರು ತಪ್ಪುವುದು ಒಂದೇ ಕಡೆ. ಪಾಪ್ಲಿನ್ ಹಿಗ್ಗುವುದಿಲ್ಲ. ಹಿಮ್ಮಡಿಯಿಂದ ಪಾದದ ಮೇಲ್ಭಾಗದವರೆಗೆ ಓರೆಯಾಗಿ ಟೇಪು ಸುತ್ತಿ ಅಳೆಯಿರಿ. ಚೀಲದ ಕಣಕಾಲು ಭಾಗದ ಸುತ್ತಳತೆ ಅದಕ್ಕಿಂತ 2–3 ಸೆಂಟಿಮೀಟರ್ ಜಾಸ್ತಿ ಇರಬೇಕು. ಇಲ್ಲದಿದ್ದರೆ ಕಾಲು ಒಳಗೇ ಹೋಗದು. ನನ್ನ ಮೊದಲ ಜೋಡಿ ಹೀಗೇ ವ್ಯರ್ಥವಾಯಿತು. ಮಾರ್ಜಿನ್ ಹೊರಮುಖವಾಗಿರಲಿ, ಒಳಗಿದ್ದರೆ ಬೆರಳಿನ ಹತ್ತಿರ ಉಜ್ಜಿ ಗುಳ್ಳೆ ಏಳುತ್ತದೆ. ಮೇಲೆ ಲಾಡಿ ಅಥವಾ ಎಲಾಸ್ಟಿಕ್. ಲಾಡಿಯೇ ನನಗಿಷ್ಟ, ಎಲಾಸ್ಟಿಕ್ ದಿನವಿಡೀ ಕಾಲಿಗೆ ಒತ್ತುತ್ತದೆ. ಹತ್ತಿ ಬಟ್ಟೆ ಬೇಗ ಒಣಗುವುದಿಲ್ಲ, ಎರಡು ಜೊತೆ ಇಟ್ಟುಕೊಳ್ಳಿ.

ಹೊಲಿಗೆಯ ತೂತಿನಿಂದ ನೀರು ಬರುತ್ತಲ್ವಾ?

ಬರುತ್ತದೆ, ಮುಚ್ಚಬೇಕು. ಸಿಲಿಕೋನ್ ಬಟ್ಟೆಗೆ ಸಿಲಿಕೋನ್ ಮಾತ್ರ ಹಿಡಿಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಬಣ್ಣವಿಲ್ಲದ ಸಿಲಿಕೋನ್ ಸೀಲೆಂಟನ್ನು ಟರ್ಪೆಂಟೈನಿನಲ್ಲಿ ಬ್ರಷ್‌ಗೆ ಬರುವಷ್ಟು ತೆಳ್ಳಗೆ ಕಲಸಿ ಹೊಲಿಗೆಯ ಮೇಲೆ ಬಳಿಯಿರಿ. ಕಿಟಕಿ ತೆಗೆದಿರಲಿ, ಹತ್ತಿರ ದೀಪ, ಒಲೆ ಬೇಡ. ಒಂದು ದಿನ ಒಣಗಿಸಿ, ಮೇಲೆ ಪೌಡರ್ ಉದುರಿಸಿದರೆ ಮಡಿಸಿದಾಗ ಅಂಟುವುದಿಲ್ಲ. ಒಳಗೆ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಲೇಪ ಇರುವ ಬಟ್ಟೆಗೆ ಇಸ್ತ್ರಿಯಲ್ಲಿ ಅಂಟಿಸುವ ಸೀಮ್ ಟೇಪ್ ಸಿಗುತ್ತದೆ. ಕಡಿಮೆ ಬಿಸಿ, ಮಧ್ಯೆ ಒಂದು ಹತ್ತಿ ಬಟ್ಟೆ. ಬೆನ್ನಚೀಲಕ್ಕೆ ಇಷ್ಟೆಲ್ಲ ಶ್ರಮ ಬೇಡ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಕಟ್ಟಿದರೆ ನಮ್ಮ ಘಟ್ಟದ ಜುಲೈ ಮಳೆಗೂ ಬಟ್ಟೆ ಒಣಗಿಯೇ ಇರುತ್ತದೆ.

ಪಾಂಚೋ ಹೊಲಿಯಲೋ, ಟಾರ್ಪ್ ಹೊಲಿಯಲೋ?

ಮಲೆನಾಡಿನಲ್ಲಿ ಗದ್ದೆ ನೆಡುವವರ ಕಂಬಳಿ ಕೊಪ್ಪೆ, ಪ್ಲಾಸ್ಟಿಕ್ ಕೊಪ್ಪೆ ನೋಡಿದ್ದೀರಲ್ಲ? ತಲೆಯಿಂದ ಬೆನ್ನಿನ ಕೆಳಗಿನವರೆಗೆ ಇಳಿಯುತ್ತದೆ, ಮುಂದೆ ತೆರೆದಿರುತ್ತದೆ, ಬಗ್ಗಿ ಕೆಲಸ ಮಾಡಿದರೂ ಬೆನ್ನು ನೆನೆಯುವುದಿಲ್ಲ, ಗಾಳಿಯೂ ಆಡುತ್ತದೆ. ಪಾಂಚೋ ಅದರ ಅಣ್ಣನೋ ತಮ್ಮನೋ ಅನ್ನಬಹುದು. ಬೆನ್ನಚೀಲವನ್ನೂ ಸೇರಿಸಿ ಮುಚ್ಚುತ್ತದೆ. 58 ಇಂಚು ಅಗಲದ ಬಟ್ಟೆ 2.6 ಮೀಟರ್ ತಂದು, ನಾಲ್ಕೂ ಅಂಚು ಮಡಿಸಿ ಹೊಲಿದು, ನಡುವೆ ಕತ್ತಿಗೆ ತೂತು ತೆಗೆದು ಟೋಪಿ ಕೂರಿಸುವುದು. ಹಗುರ ಬಟ್ಟೆಯಾದರೆ 200 ಗ್ರಾಂ ಸುತ್ತಮುತ್ತ. ಗಾಳಿಗೆ ಪಟಪಟ ಹಾರುತ್ತದೆ, ಸೊಂಟಕ್ಕೆ ಒಂದು ಹಗ್ಗ ಕಟ್ಟಿ.

ಟಾರ್ಪಿಗೆ ಅದೇ ಅಗಲದ 3 ಮೀಟರಿನ ಎರಡು ತುಂಡು. ನಡುವಿನ ಜೋಡಣೆಯೇ ಬೆನ್ನೆಲುಬು. ಅಲ್ಲಿ ಜೀನ್ಸ್ ಪ್ಯಾಂಟಿನ ಕಾಲಿನ ಒಳಗಡೆ ಇರುವಂಥ ಹೊಲಿಗೆ ಬೇಕು. ಎರಡು ಅಂಚು ಒಂದರೊಳಗೊಂದು ಮಡಿಸಿಕೊಂಡು ಎರಡು ಸಾಲು ಹೊಲಿಗೆ. ನಿಮ್ಮ ಜೀನ್ಸ್ ತಿರುಗಿಸಿ ನೋಡಿದರೆ ನಾನು ಬರೆಯುವುದಕ್ಕಿಂತ ಬೇಗ ಅರ್ಥವಾಗುತ್ತದೆ. ಮೂಲೆಗಳಲ್ಲಿ ಅಂಗೈಯಗಲ ಇನ್ನೊಂದು ಪದರ ಕೊಟ್ಟು ಪಟ್ಟಿಯ ಕುಣಿಕೆ ಹೊಲಿಯಿರಿ.

ಟಾರ್ಪ್ ಹೊಲಿದ ಖುಷಿಯಲ್ಲಿ ಎಲ್ಲೆಂದರಲ್ಲಿ ಕಟ್ಟಬೇಡಿ. ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಇಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ರಾತ್ರಿ ಉಳಿಯುವ ಮಾತು ದೂರ. ಟಾರ್ಪ್ ಕೆಳಗೆ ಒಲೆ ಹಚ್ಚುವುದೂ ಬೇಡ. ನೈಲಾನ್ ಕರಗಿ ಮೈಮೇಲೆ ಬೀಳುತ್ತದೆ.

ಸ್ಲೀಪಿಂಗ್ ಬ್ಯಾಗ್ ಹೊಲಿಯೋದು ಕಷ್ಟ ಅಲ್ವಾ?

ಜಿಪ್ಪಿನ ಸ್ಲೀಪಿಂಗ್ ಬ್ಯಾಗ್ ಕಷ್ಟ. ಹೊದಿಕೆ ಸುಲಭ. ನಾವು ಮಲಗಿದಾಗ ಬೆನ್ನ ಕೆಳಗಿನ ಭಾಗ ಅಪ್ಪಚ್ಚಿಯಾಗುತ್ತದೆ. ಒಳಗೆ ಗಾಳಿ ನಿಲ್ಲದೆ ಬೆಚ್ಚಗೂ ಇರುವುದಿಲ್ಲ. ಹಾಗಾದರೆ ಆ ಭಾಗ ಯಾಕೆ ಬೇಕು? ಕೆಳಗಿನ ಚಳಿಗೆ ಚಾಪೆ, ಮೇಲಿನ ಚಳಿಗೆ ಹೊದಿಕೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವುದನ್ನು ನೋಡಿದವರಿಗೆ ಇದರ ಗುಟ್ಟು ಗೊತ್ತು. ಒಳಗಿನ ಪದರ ಜರುಗದಂತೆ ಮೇಲಿಂದ ಕೆಳಗಿನವರೆಗೆ ಹೊಲಿಗೆ ಹಿಡಿದಿಡುತ್ತದೆ. ಜಾಕೆಟ್ಟಿಗೆ ಹಾಕುವ ಪಾಲಿಯೆಸ್ಟರ್ ವ್ಯಾಡಿಂಗ್ 200 ಜಿಎಸ್‌ಎಂನದು ತನ್ನಿ. 1.3 ಮೀಟರ್ ಅಗಲ, 2 ಮೀಟರ್ ಉದ್ದ. ಎರಡು ತೆಳು ಬಟ್ಟೆಗಳನ್ನು ಸೀದಾ ಮೈ ಒಂದಕ್ಕೊಂದು ತಾಗುವಂತೆ ಇಟ್ಟು, ಮೇಲೆ ವ್ಯಾಡಿಂಗ್ ಹಾಸಿ, ಮೂರು ಅಂಚು ಹೊಲಿದು ಸೀದಾ ಮೈ ಹೊರಗೆ ಬರುವಂತೆ ತಿರುಗಿಸಿ, ನಾಲ್ಕನೆಯದನ್ನು ಮುಚ್ಚಿ. ಆಮೇಲೆ ಗೇಣು ಗೇಣಿಗೆ ಒಂದು ಸಾಲು ಹೊಲಿಗೆ. ಬಿಗಿಯಾಗಿ ಎಳೆದರೆ ಆ ಗೆರೆಯಲ್ಲಿ ಚಳಿ ನುಗ್ಗುತ್ತದೆ, ಸಡಿಲವಾಗಿರಲಿ. ಕಾಲ ಕಡೆಯ 50 ಸೆಂಟಿಮೀಟರ್‌ನಲ್ಲಿ ಎರಡೂ ಪಕ್ಕದ ಅಂಚು ಸೇರಿಸಿ ಹೊಲಿದು ತಳವನ್ನೂ ಮುಚ್ಚಿದರೆ ಪಾದಕ್ಕೆ ಗೂಡಾಗುತ್ತದೆ. ಒಟ್ಟು 750 ಗ್ರಾಂ ಬರುತ್ತದೆ.

ಡಿಸೆಂಬರಿನ ಘಟ್ಟದ ರಾತ್ರಿಗಳಿಗೆ, ಸ್ವೆಟರ್ ಹಾಕಿಕೊಂಡರೆ, ನನಗೆ ಇದು ಸಾಕಾಗಿದೆ. ಹಿಮಾಲಯಕ್ಕೆ ಇದೊಂದನ್ನೇ ನಂಬಿ ಹೋಗಬೇಡಿ.

ಬೆನ್ನಚೀಲ ಯಾವಾಗ ಹೊಲಿಯಲಿ? ಹೇಗೆ?

ಮೇಲಿನವು ಆದ ಮೇಲೆ. ನಿಮ್ಮ ಹೊರೆ ಊಟ, ನೀರು ಸೇರಿ 9–10 ಕೆಜಿ ದಾಟದಿದ್ದರೆ ಒಳಗೆ ಲೋಹದ ಚೌಕಟ್ಟು ಬೇಡವೇ ಬೇಡ. ಮಲಗುವ ಫೋಮ್ ಚಾಪೆಯನ್ನು ಚೀಲದೊಳಗೆ ಸುರುಳಿಯಾಗಿ ನಿಲ್ಲಿಸಿ, ಅದರ ನಡುವೆ ಸಾಮಾನು ತುಂಬಿದರೆ ಅದೇ ಚೌಕಟ್ಟು.

ಎತ್ತರ 60, ಅಗಲ 30, ದಪ್ಪ 20 ಸೆಂಟಿಮೀಟರ್ ಅಂದರೆ 36 ಲೀಟರ್. ಹೊರಗೆ ಜೇಬು ಹಾಕಿದರೆ ಎರಡು ಮೂರು ದಿನದ ಚಾರಣಕ್ಕೆ ಧಾರಾಳ. ಹೆಗಲ ಪಟ್ಟಿ ಎಲ್ಲಿಂದ ಶುರುವಾಗಬೇಕು ಅನ್ನುವುದಕ್ಕೆ ಮೊದಲು ಬೆನ್ನು ಅಳೆಯಿರಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ. ಇದನ್ನು ಇನ್ನೊಬ್ಬರು ಅಳೆದರೇ ಸರಿ ಬರುವುದು.

ಮೊದಲು ಹಳೇ ಪರದೆಯ ಬಟ್ಟೆಯಲ್ಲಿ ಪೂರ್ತಿ ಚೀಲ ಹೊಲಿಯಿರಿ. ಅದರಲ್ಲಿ 8 ಕೆಜಿ ಅಕ್ಕಿ ಇಟ್ಟು ಮನೆಯ ಮೆಟ್ಟಿಲು ಇಪ್ಪತ್ತು ಸಲ ಹತ್ತಿ ಇಳಿಯಿರಿ. ಎಲ್ಲಿ ಒತ್ತುತ್ತದೆ, ಎಲ್ಲಿ ಜೋಲುತ್ತದೆ ಅನ್ನುವುದನ್ನು ಚಾಕಿನಲ್ಲಿ ಅದರ ಮೇಲೇ ಗುರುತು ಹಾಕಿ, ಹೊಲಿಗೆ ಬಿಚ್ಚಿ. ಅದೇ ನಿಮ್ಮ ಪ್ಯಾಟರ್ನ್. ಆಮೇಲೆ 210 ಡೀನಿಯರ್ ಬಟ್ಟೆಗೆ ಕತ್ತರಿ ಹಾಕಿ.

ಭಾರವೆಲ್ಲ ಬೀಳುವುದು ಹೆಗಲ ಪಟ್ಟಿ ಚೀಲಕ್ಕೆ ಸೇರುವ ಜಾಗದಲ್ಲಿ. ನನ್ನ ಮೊದಲ ಚೀಲದಲ್ಲಿ ಅಲ್ಲಿ ಅರ್ಧ ಸೆಂಟಿಮೀಟರ್ ಮಾರ್ಜಿನ್ ಬಿಟ್ಟಿದ್ದೆ. ಕುಮಾರ ಪರ್ವತ ಹತ್ತುವಾಗ ಕಲ್ಲುಮಂಟಪದ ಹತ್ತಿರ ಎಡ ಪಟ್ಟಿ ಸಮೇತ ಬಟ್ಟೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಹೊಲಿಗೆ ಗಟ್ಟಿಯಾಗೇ ಇತ್ತು, ಹಿಡಿಯಲು ಬಟ್ಟೆಯೇ ಇರಲಿಲ್ಲ. ಈಗ ಅಲ್ಲಿ 2 ಸೆಂಟಿಮೀಟರ್ ಬಿಡುತ್ತೇನೆ. ಪಟ್ಟಿಯ ಕೊನೆಯನ್ನು ಜೋಡಣೆಯೊಳಗೆ ಸೇರಿಸಿ ಮೂರು ಸಾಲು ಹೊಲಿಗೆ ಹಾಕಿ, ಒಳಗಿನಿಂದ ಅಡ್ಡಕ್ಕೆ ಒಂದು ನೈಲಾನ್ ಪಟ್ಟಿ ಇಟ್ಟು ಅದರ ಜೊತೆ ಚೌಕ ಮತ್ತು ಚೌಕದೊಳಗೆ ಅಡ್ಡಗೀಟು ಹೊಲಿಯುತ್ತೇನೆ. ಪಟ್ಟಿಗಳ ತುದಿಯನ್ನು ಮೇಣದಬತ್ತಿಗೆ ತೋರಿಸಿ ಕರಗಿಸಿ, ಇಲ್ಲದಿದ್ದರೆ ಎಳೆ ಬಿಡುತ್ತದೆ.

ಟೈಲರ್ ಹತ್ತಿರ ಕೊಟ್ಟು ಹೊಲಿಸಬಹುದಾ?

ದಪ್ಪ ಪದರಗಳನ್ನು ಖಂಡಿತ ಕೊಡಬಹುದು. ಬ್ಯಾಗ್ ರಿಪೇರಿ ಮಾಡುವವರ ಮಷೀನು ಪಟ್ಟಿಗೆ ಹೇಳಿ ಮಾಡಿಸಿದ್ದು. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಂಥ ಊರಿನವರಿಗೆ ಇದು ಇನ್ನೂ ಸುಲಭ. ಚಾಕಿನಲ್ಲಿ ಗುರುತು ಹಾಕಿ, ಕ್ಲಿಪ್ಪು ಹಾಕಿ ಕೊಡಿ. ಪಕ್ಕದಲ್ಲಿ ಕೂತು ನೋಡಲು ಕೇಳಿ. ನಾನು ಪಟ್ಟಿ ತಿರುಗಿಸುವ ವಿಧಾನ ಕಲಿತದ್ದು ಹಾಗೆ ಕೂತೇ. ಅವರ ಕೆಲಸದ ಹೊತ್ತು ತೆಗೆದುಕೊಂಡಿದ್ದಕ್ಕೆ ಕೂಲಿ ಕೊಡುವುದನ್ನು ಮರೆಯಬೇಡಿ.

ಹೊಲಿಯಲೇಬಾರದ್ದು ಯಾವುದು?

ಜೀವ ತೂಗುವ ಯಾವುದನ್ನೂ ಹೊಲಿಯಬೇಡಿ. ಬಂಡೆ ಹತ್ತುವ ಹಾರ್ನೆಸ್, ಸ್ಲಿಂಗ್, ಹಗ್ಗಕ್ಕೆ ಸೇರುವ ಪಟ್ಟಿ, ಇವು ಪರೀಕ್ಷೆಯಾಗಿ ಬಂದವೇ ಇರಲಿ.

ದಾರಿಯಲ್ಲಿ ಹರಿದರೆ?

ಬೆಂಕಿಪೊಟ್ಟಣದಷ್ಟು ಡಬ್ಬಿ ಇಟ್ಟುಕೊಳ್ಳಿ. ಅದರಲ್ಲಿ ದಪ್ಪ ಕೈಸೂಜಿ ಎರಡು, ಹಲ್ಲಿನ ಸಂದಿ ತೆಗೆಯುವ ಫ್ಲಾಸ್ ದಾರ, ಸುತ್ತಿಟ್ಟ ಬಟ್ಟೆಯ ಟೇಪು ಒಂದು ಮೊಳ, ಒಂದು ಹೆಚ್ಚುವರಿ ಕ್ಲಿಪ್ಪು. ಫ್ಲಾಸ್ ಮಾಮೂಲಿ ದಾರಕ್ಕಿಂತ ಎಷ್ಟೋ ಗಟ್ಟಿ. ಸೂಜಿ ದಪ್ಪ ಬಟ್ಟೆಗೆ ಹೋಗದಿದ್ದರೆ ನಾಣ್ಯದಿಂದ ಒತ್ತಿ. ಕಲ್ಲುಮಂಟಪದಲ್ಲಿ ಕಿತ್ತ ಆ ಪಟ್ಟಿಯನ್ನು ಇದರಿಂದಲೇ, ನಲವತ್ತು ನಿಮಿಷ ಕೂತು, ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೈಯಲ್ಲಿ ಹೊಲಿದೆ. ತುದಿ ಮುಟ್ಟಿ ಸುಬ್ರಹ್ಮಣ್ಯಕ್ಕೆ ಇಳಿಯುವವರೆಗೆ ಅದು ಅಲುಗಲಿಲ್ಲ.